ಅಕ್ಕನ ಮುಟ್ಟಿನ ವಿಷಯ ಕೇಳಿದ್ದು ಮೂಳೆ ಡಾಕ್ಟರು

ಹೋದ ತಿಂಗಳು ಅಕ್ಕ ವಿಡಿಯೋ ಕಾಲ್ ಮಾಡಿದಾಗ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಬಚ್ಚಲಲ್ಲಿ ಕಾಲು ಜಾರಿ ಕೈ ಊರಿದ್ದಾಳೆ, ಮಣಿಕಟ್ಟು ಮುರಿದಿದೆ. ಇಷ್ಟು ಸಣ್ಣ ಪೆಟ್ಟಿಗೆ ಮುರಿಯಬಾರದಲ್ಲ ಅಂತ ಮೂಳೆ ಡಾಕ್ಟರು ಸ್ಕ್ಯಾನ್ ಮಾಡಿಸಿದರಂತೆ. ಮೂಳೆ ಸವೆದಿದೆ ಅಂತ ಬಂತು. ಆಗ ಅವರು ಕೇಳಿದ ಮೊದಲ ಪ್ರಶ್ನೆ, "ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮ?"

"ಹತ್ತು ವರ್ಷದಲ್ಲಿ ಇದನ್ನ ಕೇಳಿದ ಮೊದಲನೇ ಡಾಕ್ಟರು ಕಣೇ ಇವರು" ಅಂದಳು ಅಕ್ಕ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಕ್ಕನಿಗೆ 42ಕ್ಕೇ ಗರ್ಭಕೋಶ ತೆಗೆದರು. ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರು. ಗೆಡ್ಡೆ ಇತ್ತು, ರಕ್ತ ಹೋಗುವುದು ನಿಲ್ಲುತ್ತಿರಲಿಲ್ಲ, ಆಪರೇಷನ್ ಬೇಕಿತ್ತೇನೋ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೂಳೆಯನ್ನು ಕಾಯುವ ಈಸ್ಟ್ರೋಜನ್ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದೇ ಅಂಡಾಶಯದಲ್ಲಿ, ಅದೇ ಹೋದ ಮೇಲೆ ಎಲ್ಲಿಂದ ಬರಬೇಕು? ಮುಟ್ಟು ನಿಲ್ಲುವಾಗ ಬೇರೆ ಹೆಂಗಸರಿಗೆ ನಾಲ್ಕೈದು ವರ್ಷ ಎಳೆದಾಡಿ ಆಗುವ ಬದಲಾವಣೆ ಅವಳಿಗೆ ಒಂದೇ ದಿನದಲ್ಲಿ ಆಗಿಹೋಯಿತು. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಕ್ಯಾಲ್ಸಿಯಂ ಮಾತ್ರೆ ಕೊಟ್ಟರು, ಭಾರ ಎತ್ತಬೇಡಿ ಅಂದರು, ಅಷ್ಟೇ.

ಆಮೇಲೆ ಮೈಯೆಲ್ಲ ಬಿಸಿ ಏರಿ ಬೆವರು ಸುರಿಯುತ್ತಿತ್ತು. ರಾತ್ರಿ ಮೂರು ಸಲ ಏಳುತ್ತಿದ್ದಳು. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಭಾವ ಅವಳನ್ನು ಕರೆದುಕೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಮಾತಾಡಿದ್ದು ಭಾವನ ಜೊತೆ. ಉತ್ತರ ಕೊಟ್ಟಿದ್ದೂ ಭಾವನೇ. "ಹಾರ್ಮೋನ್ ಮಾತ್ರೆ ಏನಾದ್ರೂ ಇದೆಯಾ?" ಅಂತ ಅಕ್ಕ ಮೆಲ್ಲಗೆ ಕೇಳಿದ್ದಕ್ಕೆ, "ಬೇಡಮ್ಮ, ಕ್ಯಾನ್ಸರ್ ಬರುತ್ತೆ" ಅಂದರಂತೆ. ಆ ಒಂದು ಮಾತಿಗೆ ಹೆದರಿ ಅವಳು ಮತ್ತೆಂದೂ ಕೇಳಲಿಲ್ಲ.

ನಾನು ಇಂಗ್ಲೆಂಡಿಗೆ ಬಂದು ಹದಿನೇಳು ವರ್ಷ ಆಯಿತು. ನನಗೆ 46 ಆದಾಗ ಆಡುತ್ತಿದ್ದ ಮಾತಿನ ಮಧ್ಯೆ ಪದ ಮರೆತು ನಿಲ್ಲುತ್ತಿದ್ದೆ. ಎದೆ ಡವಡವ ಅನ್ನುತ್ತಿತ್ತು. ನಿದ್ದೆ ಪೂರ್ತಿ ಕೆಟ್ಟಿತ್ತು. ಡಾಕ್ಟರ ಹತ್ತಿರ ಹೋದೆ, ಒಬ್ಬಳೇ. ಆಕೆ ರಕ್ತ ಪರೀಕ್ಷೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಕಳಿಸಲಿಲ್ಲ. ಇದು ಮುಟ್ಟು ನಿಲ್ಲುವ ಕಾಲದ್ದು ಅಂತ 45 ದಾಟಿದವರಿಗೆ ಲಕ್ಷಣ ಕೇಳಿಯೇ ಗೊತ್ತಾಗುತ್ತದೆ, ಹಾರ್ಮೋನ್ ಮಟ್ಟ ದಿನಕ್ಕೊಂದು ತರಹ ಏರಿಳಿಯುವುದರಿಂದ ಪರೀಕ್ಷೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ ಅಂದರು. ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡುವ ಇಲ್ಲಿನ ನೈಸ್ ಸಂಸ್ಥೆ 2015ರಲ್ಲೇ ಡಾಕ್ಟರುಗಳಿಗೆ ಹಾಗೆ ಬರೆದುಕೊಟ್ಟಿದೆ.

ಆಮೇಲೆ ಪ್ರಶ್ನೆ ಶುರುವಾಯಿತು. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತಾ? ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಬಿಪಿ ಎಷ್ಟು? ಮೈಗ್ರೇನ್ ಇದೆಯಾ? ನಡುನಡುವೆ ರಕ್ತ ಕಾಣಿಸುತ್ತಾ? ಎಲ್ಲ ಕೇಳಿ ಮುಗಿಸಿ, ಕಡಿಮೆಯಾದ ಹಾರ್ಮೋನ್ ತುಂಬಲು ಮಾತ್ರೆ ಇದೆ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ, ಹಚ್ಚಿಕೊಳ್ಳುವ ಜೆಲ್ ಇದೆ ಅಂತ ವಿವರಿಸಿದರು. ಮಾತ್ರೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಜಾಸ್ತಿ, ಚರ್ಮದ ಮೂಲಕ ತಗೊಂಡರೆ ಆ ಅಪಾಯ ಏರಿದ್ದು ಕಂಡಿಲ್ಲ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತಗೊಳ್ಳಬಾರದು, ಒಳಪದರ ದಪ್ಪವಾಗಿ ಅಲ್ಲಿ ಕ್ಯಾನ್ಸರ್ ಬರಬಹುದು, ಅದಕ್ಕೇ ಜೊತೆಗೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಬೇಕು. ಇಷ್ಟೆಲ್ಲ ಹೇಳಿ ಕೊನೆಗೆ, "ಈಗ ನೀವು ಹೇಳಿ, ನಿಮಗೇನನಿಸುತ್ತೆ?" ಅಂದರು.

ನನಗೆ ಗಂಟಲು ಕಟ್ಟಿತು. ನನ್ನ ಮೈ ಬಗ್ಗೆ ನನಗೇನನಿಸುತ್ತೆ ಅಂತ ಊರಿನಲ್ಲಿ ಯಾವ ಡಾಕ್ಟರೂ ನನ್ನನ್ನು ಕೇಳಿದ್ದು ನೆನಪಿಲ್ಲ. "ಇದು ತಗೊಳ್ಳಿ, ಅದು ಬೇಡ" ಅಂತಷ್ಟೇ ಕೇಳಿ ಬೆಳೆದವಳು ನಾನು.

ಈಗ ಆ ಕ್ಯಾನ್ಸರ್ ಮಾತಿಗೆ ಬರುತ್ತೇನೆ. ಅಕ್ಕನ ವಿಷಯದಲ್ಲಿ ನನಗೆ ಸಹಿಸಲಾಗದ್ದು ಅದೇ. ಆ ಭಯ ಹುಟ್ಟಿದ್ದು 2002ರಲ್ಲಿ, ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ದೊಡ್ಡ ಅಧ್ಯಯನದಿಂದ. ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರಿದ್ದ ಅದರ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ 30 ಜನರಿಗೆ ಬರುತ್ತಿದ್ದ ಸ್ತನ ಕ್ಯಾನ್ಸರ್, ಹಾರ್ಮೋನ್ ತಗೊಂಡವರಲ್ಲಿ 38 ಜನರಿಗೆ ಬಂತು. ಆ ಎಂಟು ಜನ ಲೆಕ್ಕಕ್ಕಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಅವರೆಲ್ಲ ಗರ್ಭಕೋಶ ಇದ್ದವರು, ಅವರಲ್ಲಿ ಹಾರ್ಮೋನ್ ತಗೊಂಡವರು ಎರಡನ್ನೂ ಸೇರಿಸಿ ತಗೊಂಡಿದ್ದರು. ಗರ್ಭಕೋಶ ತೆಗೆಸಿಕೊಂಡವರಿಗೆ ಅದೇ ಅಧ್ಯಯನದಲ್ಲಿ ಬೇರೆ ಗುಂಪಿತ್ತು. ಅವರಿಗೆ ಕೊಟ್ಟಿದ್ದು ಈಸ್ಟ್ರೋಜನ್ ಮಾತ್ರ. ಆ ಗುಂಪನ್ನೂ 2004ರಲ್ಲಿ ನಿಲ್ಲಿಸಿದರು, ಪಾರ್ಶ್ವವಾಯು ಜಾಸ್ತಿ ಆಗಿತ್ತು ಅಂತ. ಆದರೆ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಕಡಿಮೆಯೇ ಇತ್ತು.

ನನ್ನ ಅಕ್ಕ ಆ ಎರಡನೇ ಗುಂಪಿನಂಥವಳು. ವಯಸ್ಸು ಆಗ ಇನ್ನೂ 42. ಯಾರನ್ನೋ ನೋಡಿ ಹುಟ್ಟಿದ ಭಯವನ್ನು ಅವಳ ತಲೆಗೆ ಕಟ್ಟಿ ಕಳಿಸಿದರು. 45ಕ್ಕೆ ಮುಂಚೆ ಮುಟ್ಟು ನಿಂತವರಿಗೆ, ತಗೊಳ್ಳಬಾರದು ಅನ್ನಲು ಬೇರೆ ಕಾರಣ ಇಲ್ಲದಿದ್ದರೆ, ತಾನಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಿ ಅಂತ ಇಲ್ಲಿ ಹೇಳುತ್ತಾರೆ. ಮೂಳೆಗೋಸ್ಕರ, ಹೃದಯಕ್ಕೋಸ್ಕರ. ಅವಳಿಗೆ ಸಿಗಬೇಕಿದ್ದ ಆ ವರ್ಷಗಳು ಹೋದವು. ಅವಳು ಬೇಡ ಅಂದಿದ್ದರೆ ಅದು ಅವಳ ನಿರ್ಧಾರ ಆಗುತ್ತಿತ್ತು. ಅವಳನ್ನು ಯಾರು ಕೇಳಿದರು?

ಇದನ್ನೆಲ್ಲ ಇಲ್ಲಿರುವ ಗೆಳತಿಯೊಬ್ಬಳ ಹತ್ತಿರ ಹೇಳಿಕೊಂಡೆ. ಅವಳು ನನ್ನನ್ನು ಪೂರ್ತಿ ಮಾತಾಡಲು ಬಿಟ್ಟು, "ನಿನ್ನ ಮೊದಲನೇ ಡಾಕ್ಟರನ್ನ ಮರೆತುಬಿಟ್ಯಾ?" ಅಂದಳು. ನಿಜ. ಅದನ್ನೂ ಬರೆಯಬೇಕು. ಈ ಡಾಕ್ಟರಿಗಿಂತ ವರ್ಷ ಮುಂಚೆ, ಇಲ್ಲೇ ಇನ್ನೊಬ್ಬರು ಫೋನಿನಲ್ಲೇ ನನ್ನ ಕಥೆ ಕೇಳಿ ಖಿನ್ನತೆಯ ಮಾತ್ರೆ ಬರೆದಿದ್ದರು. ಮುಟ್ಟಿನ ಸುದ್ದಿಯನ್ನೇ ಎತ್ತಿರಲಿಲ್ಲ. ಆ ಮಾತ್ರೆ ನಾನು ಆರು ತಿಂಗಳು ನುಂಗಿದೆ. ಗೆಳತಿಗಂತೂ ಮೂರು ಡಾಕ್ಟರು ಬದಲಾಯಿಸಬೇಕಾಯಿತು. 2022ರಲ್ಲಿ ಇಲ್ಲಿ ಹಾರ್ಮೋನ್ ಜೆಲ್ ಸಿಗದೆ ನಾವಿಬ್ಬರೂ ಔಷಧಿ ಅಂಗಡಿಯಿಂದ ಅಂಗಡಿಗೆ ಅಲೆದಿದ್ದೇವೆ. ಇನ್ನು ಇಲ್ಲಿ ಸ್ತ್ರೀರೋಗ ತಜ್ಞರನ್ನು ಕಾಣಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಅಕ್ಕ ಬೇಕೆಂದರೆ ಇವತ್ತು ಸಂಜೆಯೇ ಹೋಗಿ ಕೂರಬಹುದು. ಊರಿನ ಡಾಕ್ಟರ ಬಾಗಿಲಲ್ಲಿ ಅರವತ್ತು ಜನ ಕಾಯುತ್ತಿರುತ್ತಾರೆ, ಅದೂ ಗೊತ್ತು. ಇದನ್ನು ಸರಿಯಾಗಿ ತಿಳಿದವರು ಅಲ್ಲೂ ಇದ್ದಾರೆ. ಇಂಡಿಯನ್ ಮೆನೋಪಾಸ್ ಸೊಸೈಟಿ ಅಂತ ಡಾಕ್ಟರುಗಳದ್ದೇ ಒಂದು ಸಂಘ ಇದೆ. ಅಕ್ಕನಿಗೆ ಅಂಥವರು ಸಿಗಲಿಲ್ಲ, ನನಗೆ ಎರಡನೇ ಸಲಕ್ಕೆ ಸಿಕ್ಕರು. ಇಷ್ಟು ಒಪ್ಪಿಕೊಳ್ಳುತ್ತೇನೆ. ಆದರೂ ಆ "ನಿಮಗೇನನಿಸುತ್ತೆ" ಅನ್ನುವ ಮಾತು ಮನಸ್ಸಿಂದ ಹೋಗುವುದಿಲ್ಲ.

ಮೊನ್ನೆ ಅಕ್ಕ ಮತ್ತೆ ಫೋನ್ ಮಾಡಿದಳು. "ಈಗ್ಲೂ ಶುರು ಮಾಡಬಹುದಾ?" ಅಂತ ಕೇಳಿದಳು. ಅರವತ್ತರೊಳಗೆ, ಇಲ್ಲವೇ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದವರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭ ಜಾಸ್ತಿ ಅನ್ನುತ್ತಾರೆ, ನಿನಗೀಗ 52, ಆದರೆ ನಿನ್ನ ಬಿಪಿ, ನಿನ್ನ ಮೂಳೆ ನೋಡಿ ಹೇಳಬೇಕಾದ್ದು ಅಲ್ಲಿನ ಡಾಕ್ಟರು ಅಂದೆ. ಕೇಳಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ಹೇಳಿದೆ. ಈಸ್ಟ್ರೋಜನ್ ಒಂದೇ ಸಾಕಾ? ಜೆಲ್ ಆಗುತ್ತಾ? ಮೂಳೆಗೆ ಬೇರೆ ಔಷಧಿ ಬೇಕಾ? ಎಷ್ಟು ವರ್ಷ? ಅವಳ ಬಲಗೈ ಇನ್ನೂ ಪ್ಲಾಸ್ಟರಿನಲ್ಲಿತ್ತು. ಬರೆದುಕೊಂಡಿದ್ದು ಭಾವ.

ಬರೆದು ಮುಗಿಸಿ, "ಈ ಸಲ ನಾನು ಹೊರಗೇ ಕೂತಿರ್ಲಾ?" ಅಂತ ಭಾವ ಕೇಳಿದ್ದು ನನಗೂ ಕೇಳಿಸಿತು.

"ಒಳಗೇ ಬನ್ನಿ" ಅಂದಳು ಅಕ್ಕ. "ಆದ್ರೆ ಮಾತಾಡೋದು ನಾನು."