ಐದನೇ ನಿಮಿಷಕ್ಕೆ ಟಕ್

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಗೋವಿನಜೋಳದ ತೆನೆ ಸುಡುವವರು ಸಂಜೆ ಹೊತ್ತಿಗೆ ಬಂದು ಕೂಡುತ್ತಾರೆ. ಗಾಳಿ ಇತ್ತ ತಿರುಗಿದರೆ ಹೊಗೆ ನೇರ ನಮ್ಮ ಬೆಂಚಿಗೇ. ಹೋದ ಭಾನುವಾರ ಆ ಹೊಗೆ ನೀರಿನ ಮೇಲೆ ಹಾಯ್ದು ಹೋಗುವುದನ್ನು ನೋಡಿ ನಮ್ಮಲ್ಲೊಬ್ಬ ಬಾಯಲ್ಲೇ ಗಿಟಾರ್ ಬಾರಿಸತೊಡಗಿದ. ಡೀಪ್ ಪರ್ಪಲ್ ಅನ್ನುವ ರಾಕ್ ತಂಡದವರ 'ಸ್ಮೋಕ್ ಆನ್ ದಿ ವಾಟರ್'. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮೊಂಟ್ರೋ ಊರಿನ ಕ್ಯಾಸಿನೊಗೆ ಬೆಂಕಿ ಬಿದ್ದು, ಜಿನೀವಾ ಸರೋವರದ ಮೇಲೆಲ್ಲ ಹೊಗೆ ಹರಡಿತ್ತು. ರೆಕಾರ್ಡಿಂಗಿಗೆಂದು ಅಲ್ಲಿಗೆ ಹೋಗಿದ್ದ ಇವರು ಅದನ್ನೇ ಹಾಡು ಮಾಡಿಬಿಟ್ಟರು. ಗಿಟಾರ್ ಕಲಿಯುವ ಹುಡುಗರು ಮೊದಲು ಕೈ ಹಾಕುವುದು ಇದಕ್ಕೇ. ಕಲಿಯದವರು ನಮ್ಮ ಹಾಗೆ ಬಾಯಲ್ಲಿ ಬಾರಿಸುತ್ತಾರೆ.

"ಏನ ಅನ್ನು, ಎಪ್ಪತ್ತರ ದಶಕ ಅಂದ್ರ ಎಪ್ಪತ್ತರ ದಶಕ" ಅಂದೆ. ಅಷ್ಟೇ ಸಾಕಾಯಿತು. ರಾಕ್ ಹಾಡಿಗೆ ಯಾವ ದಶಕ ದೊಡ್ಡದು ಅನ್ನುವ ನಮ್ಮ ಹಳೇ ಜಗಳ ಮತ್ತೆ ಶುರು.

ನಾವು ನಾಲ್ಕು ಮಂದಿ. ಎಲ್ಲರಿಗೂ ಐವತ್ತು ಹತ್ತಿರ ಬಂದಿದೆ. ಒಬ್ಬ ಬ್ಯಾಂಕಿನವ, ಒಬ್ಬನದು ಪಂಪ್‌ಸೆಟ್ ಅಂಗಡಿ, ಒಬ್ಬ ಕಾಲೇಜಿನಲ್ಲಿ ಕಲಿಸುತ್ತಾನೆ. ಅವನನ್ನು ಮಾಸ್ತರ ಅಂತಲೇ ಕರೆಯುತ್ತೇವೆ. ಮಾಸ್ತರನದು ಅರವತ್ತರ ದಶಕ. "1967 ಒಂದ ವರ್ಷ ತಗೋರಲೇ. ಹೆಂಡ್ರಿಕ್ಸ್‌ಂದು ಮೊದಲನೇ ಆಲ್ಬಮ್, ಡೋರ್ಸ್‌ದು ಮೊದಲನೇದು, ಪಿಂಕ್ ಫ್ಲಾಯ್ಡ್‌ದು ಮೊದಲನೇದು, ಮ್ಯಾಲೆ ಬೀಟಲ್ಸ್‌ನವರ ಸಾರ್ಜೆಂಟ್ ಪೆಪರ್. ಇನ್ನೇನ ಬೇಕು ನಿಮಗ?"

ಬ್ಯಾಂಕಿನವನಿಗೆ ಯಾವ ದಶಕದ ಮೇಲೂ ಅಂಥ ಪ್ರೀತಿ ಇಲ್ಲ. ಅವನಿಗೆ ಲೆಕ್ಕ ಸರಿ ಇರಬೇಕು. "ದಶಕ ಅಂದ್ರ ಯಾವಾಗಿಂದ? ಜನವರಿಯಿಂದಲೋ, ಏಪ್ರಿಲ್‌ನಿಂದಲೋ?" ಇಪ್ಪತ್ತೈದು ವರ್ಷ ಮಾರ್ಚ್ ಕ್ಲೋಸಿಂಗ್ ಮಾಡಿದವನ ಪ್ರಶ್ನೆ, ತಳ್ಳಿ ಹಾಕುವ ಹಾಗಿಲ್ಲ. ಅವನ ಲೆಕ್ಕದ ಪ್ರಕಾರ ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಮ್ 1970ರ ಫೆಬ್ರುವರಿಯಲ್ಲಿ ಬಂದದ್ದರಿಂದ ಅದು ಮಾಸ್ತರನ ಖಾತೆಗೆ ಜಮಾ. ಬೀಟಲ್ಸ್‌ನವರ ಕೊನೆಯ ಆಲ್ಬಮ್ ಮೇ ತಿಂಗಳಲ್ಲಿ ಬಂತು, ಆದ್ದರಿಂದ ನನಗೆ. ಬ್ಲ್ಯಾಕ್ ಸಬತ್ ಕಂಡರೆ ಆಗದ ಮಾಸ್ತರನ ಮುಖ ಹುಳ್ಳಗಾಯಿತು. ನನಗೆ ಪುಕ್ಕಟೆ ಬಂದದ್ದನ್ನು ನಾನು ಬೇಡ ಅನ್ನಲಿಲ್ಲ.

ಪಂಪ್‌ಸೆಟ್‌ನವನದು ತೊಂಬತ್ತರ ದಶಕ. ಹಾಗೆ ನೋಡಿದರೆ ಪೂರ್ತಿ ದಶಕವೂ ಅಲ್ಲ, ಒಂದೂವರೆ ತಿಂಗಳು. 1991ರ ಆಗಸ್ಟ್‌ನಲ್ಲಿ ಮೆಟಾಲಿಕಾದ ಕಪ್ಪು ಆಲ್ಬಮ್, ಪರ್ಲ್ ಜ್ಯಾಮ್‌ನ ಮೊದಲನೆಯದು. ಸೆಪ್ಟೆಂಬರ್‌ನಲ್ಲಿ ಗನ್ಸ್ ಎನ್ ರೋಸಸ್‌ನವರು ಒಂದೇ ದಿನ ಎರಡೆರಡು ಬಿಟ್ಟರು. ಅದಾಗಿ ಒಂದು ವಾರಕ್ಕೆ ನಿರ್ವಾಣದವರ 'ನೆವರ್‌ಮೈಂಡ್'. ಧಾರವಾಡದ ಆಪೂಸು ಸುಗ್ಗಿ ಇದ್ದ ಹಾಗೆ ಅನ್ನುತ್ತಾನೆ. ಬರೋದು ಸ್ವಲ್ಪೇ ದಿನ, ಆದರೆ ವರ್ಷವಿಡೀ ಅದರದೇ ಮಾತು.

ಎಂಬತ್ತರ ದಶಕದ ಪರವಾಗಿ ವಾದಿಸುವವನೂ ಒಬ್ಬನಿದ್ದ. ಎರಡು ವರ್ಷದ ಹಿಂದೆ ಅವನಿಗೆ ಕಲಬುರಗಿಗೆ ವರ್ಗವಾಯಿತು. ಅಂದಿನಿಂದ ಆ ದಶಕದಲ್ಲಿ ಏನೂ ನಡೆದಿಲ್ಲ.

ಈಗ ನನ್ನ ವಿಷಯ. ಎಪ್ಪತ್ತರ ದಶಕಕ್ಕೆ ನಾನು ಕೊಡುವ ಮೊದಲ ಸಾಕ್ಷಿ ಲೆಡ್ ಝೆಪೆಲಿನ್‌ನವರ 'ಸ್ಟೇರ್‌ವೇ ಟು ಹೆವನ್'. 1971ರದು, ಎಂಟು ನಿಮಿಷದ ಹಾಡು. ಆದರೆ ನನಗೆ ಮೊದಲು ಸಿಕ್ಕಾಗ ಅದು ಎಂಟು ನಿಮಿಷ ಇರಲಿಲ್ಲ.

1992ರಲ್ಲಿ ನಾನು ಪಿಯುಸಿ. ಇಂಗ್ಲಿಷ್ ಹಾಡು ಬೇಕೆಂದರೆ ಹುಬ್ಬಳ್ಳಿಯ ಒಂದು ರೆಕಾರ್ಡಿಂಗ್ ಅಂಗಡಿಗೆ ಖಾಲಿ ಕ್ಯಾಸೆಟ್ಟು, ಜೊತೆಗೆ ಒಂದು ಚೀಟಿ ಕೊಟ್ಟು ಬರಬೇಕಿತ್ತು. ನಾಲ್ಕು ದಿನ ಬಿಟ್ಟು ಹೋದರೆ ಹಾಡು ತುಂಬಿಸಿ ಇಟ್ಟಿರುತ್ತಿದ್ದ. ಅಂಗಡಿಯವ ಬಲು ಪ್ರಾಮಾಣಿಕ. ಅರವತ್ತು ನಿಮಿಷಕ್ಕೆ ದುಡ್ಡು ತಗೊಂಡರೆ ಅರವತ್ತು ನಿಮಿಷ ತುಂಬಿಸಿಯೇ ಕೊಡುವವ. ಟೇಪಿನ ಒಂದು ಗೇಣೂ ಖಾಲಿ ಬಿಡುತ್ತಿರಲಿಲ್ಲ. ಹಾಡು ನಡುವೆ ಕಡಿದರೆ ಅದು ಹಾಡಿನ ಹಣೆಬರಹ. ಹಾಗಾಗಿ ನನ್ನ 'ಸ್ಟೇರ್‌ವೇ' ಮೆತ್ತಗೆ ಶುರುವಾಗಿ, ಕೊಳಲಿನ ಹಾಗೆ ಏನೋ ನುಡಿದು, ನಾಲ್ಕು ನಿಮಿಷ ದಾಟಿದ ಮೇಲೆ ಡ್ರಮ್ಸ್ ಬಂದು, ಐದನೇ ನಿಮಿಷಕ್ಕೆ ಟಕ್. ಟೇಪ್ ರೆಕಾರ್ಡರಿನ ಗುಂಡಿ ಮೇಲೆದ್ದುಬಿಡುತ್ತಿತ್ತು.

ಆ ಹಾಡು ಅಷ್ಟೇ ಅಂದುಕೊಂಡಿದ್ದೆ. ಎಂಥ ಧೈರ್ಯ ಇವರದು, ಕಾವೇರುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಟ್ಟರಲ್ಲ ಅಂತ ಬೆರಗು ಬೇರೆ! ಜಗತ್ತಿನ ಮಂದಿಯೆಲ್ಲ ಹೊಗಳುವ ಗಿಟಾರ್ ಸೋಲೋ ಇರುವುದು ಆರನೇ ನಿಮಿಷಕ್ಕೆ. ಗೆಳೆಯರು "ಏನ್ ಸೋಲೋಪಾ ಅದು!" ಅಂದಾಗ ನಾನೂ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದೆ. ಐದು ವರ್ಷ ಆಡಿಸಿದೆ.

ಇನ್ನೊಂದು ಮಾತು. ಆ ಕ್ಯಾಸೆಟ್ಟಿನ ಒಂದು ಬದಿಗೆ ಲೆಡ್ ಝೆಪೆಲಿನ್, ಇನ್ನೊಂದು ಬದಿಗೆ ನಿರ್ವಾಣ. ನಡುವೆ ಇಪ್ಪತ್ತು ವರ್ಷ ಇದೆ ಅಂತ ಯಾರು ಹೇಳಬೇಕು? ಅಂಗಡಿಯವ ಬಾಲ್‌ಪೆನ್ನಿನಲ್ಲಿ ಹೆಸರು ಬರೆಯುತ್ತಿದ್ದನೇ ಹೊರತು ಇಸವಿ ಬರೆಯುತ್ತಿರಲಿಲ್ಲ. ಡೋರ್ಸ್‌ನ ಗಾಯಕ ಸತ್ತು ಇಪ್ಪತ್ತು ವರ್ಷ ಆಗಿದೆ ಅಂತ ತಿಳಿಯದೆ ಅವನ ಹೊಸ ಕ್ಯಾಸೆಟ್ ಯಾವಾಗ ಬರುತ್ತದೆ ಅಂತ ಕೇಳಿದವನು ಪಂಪ್‌ಸೆಟ್‌ನವ. ಹುಬ್ಬಳ್ಳಿಗೆ ಎಲ್ಲವೂ ಒಟ್ಟಿಗೇ ಬಂದಿಳಿದವು. ನಮ್ಮ ಪಾಲಿಗೆ ಎಲ್ಲವೂ 1992ರ ಹಾಡುಗಳೇ. ದಶಕದ ಜಗಳ ನಾವು ಆಮೇಲೆ ಕಲಿತದ್ದು.

ಪೂರ್ತಿ ಹಾಡು ಕೇಳಿದ್ದು 1997ರಲ್ಲಿ, ಧಾರವಾಡದ ಸಪ್ತಾಪುರದಲ್ಲಿದ್ದ ಮಾಸ್ತರನ ಬಾಡಿಗೆ ರೂಮಿನಲ್ಲಿ. ಸಿಡಿ ಹಾಕಿದ್ದ. ಐದನೇ ನಿಮಿಷ ಬಂತು. ಟಕ್ ಅನ್ನಲಿಲ್ಲ. ಹಾಡು ಮುಂದೆ ಹೋಯಿತು, ಹೋಗುತ್ತಲೇ ಇತ್ತು. ಐದು ವರ್ಷ ಇದ್ದ ಮನೆಯಲ್ಲಿ ಗೋಡೆಯ ಆಚೆ ಇನ್ನೊಂದು ಖೋಲಿ ಇದೆ ಅಂತ ಗೊತ್ತಾದ ಹಾಗಾಯಿತು. ಖುಷಿಗಿಂತ ಸಿಟ್ಟೇ ಜಾಸ್ತಿ. ಈಗಲೂ ಆ ಜಾಗ ಬಂದರೆ ನನ್ನ ಕಿವಿ ಟಕ್‌ಗೆ ಕಾಯುತ್ತದೆ.

ಇದನ್ನು ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು ಹೋದ ಭಾನುವಾರ. ಪಂಪ್‌ಸೆಟ್‌ನವ ನಕ್ಕ ರಭಸಕ್ಕೆ ತೆನೆ ಕೆಳಗೆ ಬಿತ್ತು. "ಆ ಐದು ವರ್ಷದ ನಿನ್ನ ವೋಟೆಲ್ಲಾ ರದ್ದು" ಅಂದ ಬ್ಯಾಂಕಿನವ.

ಮಳಮಡ್ಡಿಯಲ್ಲಿರುವ ನಮ್ಮ ಕಾಕಾನನ್ನೇ ಕೇಳೋಣ ಅಂತ ಮಾಸ್ತರ ಎಬ್ಬಿಸಿದ. ಕಾಕಾಗೆ ಎಂಬತ್ತನಾಲ್ಕು. ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತದ ಬೈಠಕ್ ಇದ್ದರೆ ಮುಂದಿನ ಸಾಲು ಬಿಟ್ಟು ಕೂತವರಲ್ಲ. ಅವರನ್ನು ಒಲಿಸಿಕೊಳ್ಳಲು ಮಾಸ್ತರ 1969ರ ವುಡ್‌ಸ್ಟಾಕ್ ಸಂಗೀತ ಮೇಳದ ಮಾತು ತೆಗೆದ. "ಅಲ್ಲೆ ಪಂಡಿತ ರವಿಶಂಕರ ಅವರು ಮಳ್ಯಾಗ ನುಡಿಸ್ಯಾರ್ರೀ ಕಾಕಾ."

"ಮಳ್ಯಾಗ? ಸಿತಾರ ತೊಯ್ಸಿದರೇನು?" ಕಾಕಾಗೆ ಅದೇ ಚಿಂತೆ.

ಆಮೇಲೆ ಬೀಟಲ್ಸ್ ಬಂತು. 1970ರ ಏಪ್ರಿಲ್‌ನಲ್ಲಿ ಬೇರೆ ಆದರು, ಆಗ ನಾಲ್ವರಲ್ಲಿ ಒಬ್ಬರಿಗೂ ಮೂವತ್ತು ತುಂಬಿರಲಿಲ್ಲ ಅಂದ ಮಾಸ್ತರ.

"ಅಯ್ಯ, ಅವರು ಹಾಡ್ಲಿಕ್ಕೇ ಸುರು ಮಾಡಿಲ್ಲಲ್ಲೋ!" ಕಾಕಾ ನಿಜವಾಗಿಯೂ ಮರುಗಿದರು. "ಮಲ್ಲಿಕಾರ್ಜುನ ಮನಸೂರ ಅವರಿಗೆ ಪದ್ಮಶ್ರೀ ಬಂದದ್ದೂ 1970ರಾಗ ನೋಡು. ಅರವತ್ತರ ಹತ್ರ ಇದ್ರು. ಅದರ ಮ್ಯಾಲೆ ಹಾಡಿದ್ದು ಹಾಡು."

ದಶಕದ ಮಾತು ಅಲ್ಲಿಗೆ ನಿಂತಿತು. ನಾನು ಫೋನಿನಲ್ಲಿ ನನ್ನ ಹಾಡು ಹಚ್ಚಿದೆ. ಕಾಕಾ ಕಣ್ಣು ಮುಚ್ಚಿ, ಮೊಣಕಾಲ ಮೇಲೆ ಬೆರಳು ಎಣಿಸುತ್ತಾ ಕೂತರು. ಐದನೇ ನಿಮಿಷ ಬಂತು, ಹೋಯಿತು. ಸೋಲೋ ಬಂದಾಗ ಬೆರಳುಗಳು ಚುರುಕಾದವು. ಹಾಡು ಮುಗಿಯಿತು.

"ವಿಲಂಬಿತದಾಗ ಎತ್ತಿಕೊಂಡು ದ್ರುತಕ್ಕ ಬಂದಾನ. ಛಲೋ ಅದ" ಅಂದರು. ಆಮೇಲೆ ಫೋನಿನ ಕಡೆ ನೋಡಿ ಕೇಳಿದರು, "ಆದ್ರ ಇಷ್ಟ ಲಗೂನ ಯಾಕ ನಿಲ್ಲಿಸಿದಾ? ಕ್ಯಾಸೆಟ್ ಮುಗೀತೇನು?"