ಡಂಕನ್ ಯಾರು ಅಂತ ಕೇಳಿದ ಹುಡುಗನಿಗೆ

ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಕೋರ್ಟಿನಲ್ಲಿ ಆಟ ಮುಗಿಸಿ ಎಲ್ಲರೂ ನೀರು ಕುಡಿಯುತ್ತಾ ಕೂತಿದ್ದೆವು. ಜೋರ್ಡನ್ ಆದ ಮೇಲೆ, ಲೆಬ್ರಾನ್ ಕಾಲ ಶುರುವಾಗುವ ಮುಂಚೆ, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು ಅಂತ ಮಾತು ಬಂತು. ಹುಡುಗರೆಲ್ಲ ಒಟ್ಟಿಗೇ ಕೋಬಿ ಬ್ರಯಂಟ್ ಅಂದರು. ನಾನು ಟಿಮ್ ಡಂಕನ್ ಅಂದೆ. ಹದಿನೇಳು ವರ್ಷದ ಒಬ್ಬ ಹುಡುಗ ನನ್ನ ಮುಖ ನೋಡಿ ಕೇಳಿದ, "ಅಣ್ಣ, ಡಂಕನ್ ಯಾರು?"

ಅವನ ತಪ್ಪೇನೂ ಇಲ್ಲ. ಫೋನಿನಲ್ಲಿ ಓಡುವ ಅರ್ಧ ನಿಮಿಷದ ವಿಡಿಯೊಗಳಲ್ಲಿ ಡಂಕನ್ ಸಿಗುವುದು ಕಷ್ಟ. ಆದರೆ ಆ ಪ್ರಶ್ನೆ ನನಗೆ ನೋವು ಕೊಟ್ಟಿತು. ಅಲ್ಲಿ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವ ಕಾಲ ಅಂತ ಹೇಳಿಬಿಡುತ್ತೇನೆ. ಜೋರ್ಡನ್ ಶಿಕಾಗೊ ಬುಲ್ಸ್‌ಗೆ ಕೊನೆಯ ಚಾಂಪಿಯನ್‌ಶಿಪ್ ಗೆದ್ದುಕೊಟ್ಟಿದ್ದು 1998ರಲ್ಲಿ. ಲೆಬ್ರಾನ್ ಮಯಾಮಿಗೆ ಹೋಗಿದ್ದು 2010ರಲ್ಲಿ. ನಡುವಿನ ಹನ್ನೆರಡು ಚಾಂಪಿಯನ್‌ಶಿಪ್‌ಗಳಲ್ಲಿ ಐದು ಲೇಕರ್ಸ್ ಪಾಲಿಗೆ, ನಾಲ್ಕು ಸ್ಯಾನ್ ಆಂಟೋನಿಯೊ ಸ್ಪರ್ಸ್ ಪಾಲಿಗೆ ಬಂದವು. ಉಳಿದ ಮೂರನ್ನು ಡೆಟ್ರಾಯಿಟ್, ಮಯಾಮಿ, ಬಾಸ್ಟನ್ ಹಂಚಿಕೊಂಡವು. ಹಾಗಾಗಿ ಪೈಪೋಟಿ ಇರುವುದು ಮೂವರ ಮಧ್ಯೆ. ಲೇಕರ್ಸ್‌ನ ಶಕೀಲ್ ಓನೀಲ್ ಮತ್ತು ಕೋಬಿ, ಸ್ಪರ್ಸ್‌ನ ಡಂಕನ್. ಓನೀಲ್ 2000ದಿಂದ 2002ರವರೆಗೆ ಯಾರಿಗೂ ಬಗ್ಗಲಿಲ್ಲ. 2000ದ ಫೈನಲ್ಸ್‌ನಲ್ಲಿ ಅವನ ಸರಾಸರಿ 38 ಅಂಕ. ಬರೀ ಆ ಮೂರು ವರ್ಷದ ಲೆಕ್ಕ ಆದರೆ ನಾನೂ ಅವನ ಹೆಸರನ್ನೇ ಹೇಳುತ್ತಿದ್ದೆ. ಆದರೆ ನಾವು ಮಾತಾಡುತ್ತಿರುವುದು ಹನ್ನೆರಡು ವರ್ಷದ ಬಗ್ಗೆ.

ಕೋಬಿ ಬಗ್ಗೆ ನನಗೆ ಪ್ರೀತಿ ಕಡಿಮೆ ಅಂತ ಯಾರೂ ತಿಳಿಯಬೇಡಿ. 2020ರ ಗಣರಾಜ್ಯೋತ್ಸವದ ದಿನ, ಮಧ್ಯರಾತ್ರಿ ದಾಟಿದ ಮೇಲೆ ಅವನು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂತು. ಅವನ ಹದಿಮೂರು ವರ್ಷದ ಮಗಳು ಜಿಯಾನಾ ಕೂಡ ಜೊತೆಗಿದ್ದಳು ಅಂತ ತಿಳಿದ ಮೇಲೆ ಬೆಳಗಿನವರೆಗೆ ನಿದ್ದೆ ಬರಲಿಲ್ಲ. 2006ರ ಜನವರಿಯಲ್ಲಿ ಟೊರಾಂಟೊ ವಿರುದ್ಧ 81 ಅಂಕ ಹೊಡೆದವನು ಅವನು. ಆದರೆ ನನಗೆ ಅದಕ್ಕಿಂತ ಜಾಸ್ತಿ ನೆನಪಾಗುವುದು 2013ರ ಏಪ್ರಿಲ್. ಗೋಲ್ಡನ್ ಸ್ಟೇಟ್ ವಿರುದ್ಧದ ಪಂದ್ಯದ ಕೊನೆಯ ಹೊತ್ತಿನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಹೋಯಿತು. ಫೌಲ್ ಸಿಕ್ಕಿತ್ತು. ಕುಂಟುತ್ತಾ ಗೆರೆಯ ಹತ್ತಿರ ಬಂದು ನಿಂತ. ಎರಡು ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ಅಡ್ಡ ಬಾರದ ಎಸೆತ) ಹಾಕಿದ, ಎರಡೂ ಬಿದ್ದವು. ಆಮೇಲೆ ತಾನೇ ನಡೆದು ಒಳಗೆ ಹೋದ. ಅಂಥ ಛಲ ಇನ್ನೊಬ್ಬರಲ್ಲಿ ನೋಡಿಲ್ಲ.

ಆದರೂ ನಾನು ಡಂಕನ್ ಅಂತಲೇ ಹೇಳುತ್ತೇನೆ. ಯಾಕೆ ಅಂದರೆ 2003.

ಆ ವರ್ಷದ ಸ್ಪರ್ಸ್ ತಂಡವನ್ನು ಸ್ವಲ್ಪ ನೋಡಿ. ಡೇವಿಡ್ ರಾಬಿನ್ಸನ್‌ಗೆ 37 ವರ್ಷ, ಬೆನ್ನು ನೋವು, ಅದೇ ಕೊನೆಯ ಸೀಸನ್. ಟೋನಿ ಪಾರ್ಕರ್‌ಗೆ ಪ್ಲೇಆಫ್ (ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದೆ ಹೋಗುವ ನಾಕೌಟ್ ಸರಣಿಗಳು) ನಡೆಯುತ್ತಿರುವಾಗ 21 ತುಂಬಿತು. ಮನು ಜಿನೋಬಿಲಿಗೆ ಎನ್‌ಬಿಎಯಲ್ಲಿ ಅದು ಮೊದಲ ವರ್ಷ. ಆ ಸಲ ಲೀಗಿನ ಆಯ್ದ ಆಟಗಾರರ ಆಲ್‌ಸ್ಟಾರ್ ಪಂದ್ಯಕ್ಕೆ ಈ ತಂಡದಿಂದ ಹೋದವನು ಡಂಕನ್ ಒಬ್ಬನೇ. ಎದುರಿಗೆ ಮೂರು ವರ್ಷ ಸತತವಾಗಿ ಗೆದ್ದ ಲೇಕರ್ಸ್, ಅದೂ ಓನೀಲ್ ಮತ್ತು ಕೋಬಿ ಇಬ್ಬರೂ ಇದ್ದ ಲೇಕರ್ಸ್. ಅವರದೇ ಊರಿನಲ್ಲಿ ನಡೆದ ಆರನೇ ಪಂದ್ಯದಲ್ಲಿ ಡಂಕನ್ 37 ಅಂಕ, 16 ರೀಬೌಂಡ್ (ಗುರಿ ತಪ್ಪಿ ಚಿಮ್ಮಿದ ಚೆಂಡನ್ನು ಹಿಡಿಯುವುದು) ಮಾಡಿ ಅವರನ್ನು ಮನೆಗೆ ಕಳಿಸಿದ. 110-82. ಕೊನೆಯಲ್ಲಿ ಲೇಕರ್ಸ್ ಬೆಂಚಿನಲ್ಲಿ ಡೆರೆಕ್ ಫಿಶರ್ ಕಣ್ಣೊರೆಸಿಕೊಳ್ಳುತ್ತಿದ್ದ.

ಫೈನಲ್ಸ್‌ನಲ್ಲಿ ನ್ಯೂಜೆರ್ಸಿ ನೆಟ್ಸ್. ಜೂನ್ 15ರ ಆರನೇ ಪಂದ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಡಂಕನ್‌ಗೆ 21 ಅಂಕ, 20 ರೀಬೌಂಡ್, 10 ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂಥ ಪಾಸ್), 8 ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು). ಇನ್ನೆರಡು ಬ್ಲಾಕ್ ಸಿಕ್ಕಿದ್ದರೆ ನಾಲ್ಕರಲ್ಲೂ ಎರಡಂಕಿ. ಫೈನಲ್ಸ್ ಇತಿಹಾಸದಲ್ಲಿ ಯಾರೂ ಮಾಡಿಲ್ಲದ ಕೆಲಸ ಅದು. ಕೊನೆಯ ಕ್ವಾರ್ಟರಿನಲ್ಲಿ ಸ್ಪರ್ಸ್ ಹಿಂದೆ ಬಿದ್ದಿತ್ತು. ಅಲ್ಲಿಂದ ಎದುರಾಳಿಗೆ ಒಂದೂ ಅಂಕ ಬಿಡದೆ ಒಂದೇ ಸಮನೆ 19 ಅಂಕ. ಆ ಹೊತ್ತಿನಲ್ಲಿ ಬರೀ ಚೆಂಡನ್ನು ನೋಡಬೇಡಿ, ಡಂಕನ್‌ನ ನೋಡಿ. ಇಬ್ಬರು ಮೇಲೆ ಬಿದ್ದ ತಕ್ಷಣ ಚೆಂಡು ಹೊರಗೆ ಹೋಗುತ್ತದೆ, ಅಲ್ಲಿ ನಿಂತ ಜೊತೆಗಾರ ಸ್ಟೀಫನ್ ಜಾಕ್ಸನ್ ದೂರದಿಂದ ಮೂರಂಕದ ಶಾಟ್ ಹೊಡೆಯುತ್ತಾನೆ. ಬ್ಲಾಕ್ ಮಾಡಿದರೆ ಚೆಂಡನ್ನು ಪ್ರೇಕ್ಷಕರ ಕಡೆ ಬಾರಿಸುವುದಿಲ್ಲ, ಆಟದಲ್ಲೇ ಉಳಿಯುವ ಹಾಗೆ ಮೆಲ್ಲಗೆ ತಟ್ಟುತ್ತಾನೆ. ಬ್ಲಾಕ್ ಆದ ಚೆಂಡು ಹೊರಗೆ ಹೋದರೆ ಮತ್ತೆ ಎದುರಾಳಿಗೇ ಸಿಗುತ್ತದೆ, ಅಲ್ವಾ? ಅಷ್ಟು ಬಿಸಿಯಲ್ಲೂ ಅವನಿಗೆ ಆ ಲೆಕ್ಕ ಇರುತ್ತಿತ್ತು.

ನನಗೆ ಬ್ಯಾಂಕ್ ಶಾಟ್, ಅಂದರೆ ಬೋರ್ಡಿಗೆ ತಾಗಿಸಿ ಚೆಂಡು ಹಾಕುವುದು, ಕಲಿಸಿದ್ದು ನಮ್ಮ ಶಾಲೆಯ ಕೋಚ್ ಸರ್. ಸಿಮೆಂಟ್ ಕೋರ್ಟು, ಮರದ ಬೋರ್ಡು. ರಿಂಗ್ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು, "ಬೋರ್ಡ್ ಇರೋದು ಯಾಕೋ? ಉಪಯೋಗಿಸು" ಅನ್ನುತ್ತಿದ್ದರು. ನಮಗೆ ಬೇಜಾರು. ನೇರವಾಗಿ ಹಾಕಿದರೇ ಚೆನ್ನಾಗಿ ಕಾಣುತ್ತದೆ ಅಂತ ನಮ್ಮ ವಾದ. ಆಮೇಲೆ ಡಂಕನ್‌ನ ಟಿವಿಯಲ್ಲಿ ನೋಡಿದೆ. ರಿಂಗಿನ ಎಡಗಡೆ, ಹತ್ತು ಹನ್ನೆರಡು ಅಡಿ ದೂರದಲ್ಲಿ ಚೆಂಡು ಹಿಡಿಯುತ್ತಾನೆ. ತಿರುಗಿ ರಿಂಗ್ ಕಡೆ ಮುಖ ಮಾಡುತ್ತಾನೆ. ಒಂದು ಕಾಲು ಸ್ವಲ್ಪ ಮುಂದೆ ಇಟ್ಟು ಎದುರಿನವನ ಕಾಲು ನೋಡುತ್ತಾನೆ. ಅವನು ಅರ್ಧ ಹೆಜ್ಜೆ ಹಿಂದೆ ಸರಿದರೆ ಸಾಕು, ಚೆಂಡು ಮೇಲೆ ಹೋಗಿ ಚೌಕದ ಮೂಲೆಗೆ ತಾಗಿ ಒಳಗೆ ಬೀಳುತ್ತದೆ. ಹತ್ತೊಂಬತ್ತು ಸೀಸನ್ ಅದೇ ಜಾಗ, ಅದೇ ಕೋನ. ಬರುವುದು ಅದೇ ಅಂತ ಎಲ್ಲರಿಗೂ ಗೊತ್ತು, ಆದರೂ ತಡೆಯಲು ಆಗುತ್ತಿರಲಿಲ್ಲ. ಅವನಿಗೆ 'ಬಿಗ್ ಫಂಡಮೆಂಟಲ್' ಅಂತ ಹೆಸರಿಟ್ಟಿದ್ದು ಎದುರಾಳಿಯಾಗಿದ್ದ ಓನೀಲ್.

ಭಾನುವಾರ ಹುಡುಗರು ಹೇಳಿದ ಒಂದು ಮಾತಿಗೆ ತೂಕ ಇದೆ. ಕೋಬಿ ಆಡಿದ ಪ್ಲೇಆಫ್ ಸರಣಿಗಳಲ್ಲಿ ಲೇಕರ್ಸ್ ಸ್ಪರ್ಸ್‌ನ ನಾಲ್ಕು ಸಲ ಸೋಲಿಸಿದೆ, ಎರಡು ಸಲ ಸೋತಿದೆ. ನಿಜ. 2001ರಲ್ಲಿ ಸ್ಯಾನ್ ಆಂಟೋನಿಯೊಗೇ ಬಂದು ಮೊದಲ ಪಂದ್ಯದಲ್ಲಿ ಕೋಬಿ 45 ಅಂಕ ಹೊಡೆದ. ಅದನ್ನು ನಾನು ಮರೆತಿಲ್ಲ. ಆದರೆ 2002ರ ಸರಣಿಯನ್ನೂ ನೋಡಿ. ಸ್ಪರ್ಸ್ 4-1ರಿಂದ ಸೋತ ಸರಣಿಯಲ್ಲಿ ಡಂಕನ್ ಸರಾಸರಿ 29 ಅಂಕ, 17 ರೀಬೌಂಡ್. ಅವನು ತನ್ನ ಕೆಲಸ ಮಾಡಿದ್ದ, ಪಕ್ಕದಲ್ಲಿ ಇನ್ನೊಬ್ಬ ಓನೀಲ್ ಇರಲಿಲ್ಲ ಅಷ್ಟೇ. ಕೋಬಿಯ ಮೊದಲ ಮೂರು ಚಾಂಪಿಯನ್‌ಶಿಪ್‌ಗಳಲ್ಲಿ ಫೈನಲ್ಸ್ ಎಂವಿಪಿ (ಅತ್ಯುತ್ತಮ ಆಟಗಾರ) ಆಗಿದ್ದು ಮೂರೂ ಸಲ ಓನೀಲ್. 2004ರಲ್ಲಿ ಓನೀಲ್ ಲೇಕರ್ಸ್ ಬಿಟ್ಟು ಹೋದ. ಮರುವರ್ಷ ಲೇಕರ್ಸ್ 34 ಗೆದ್ದು 48 ಸೋತು ಪ್ಲೇಆಫ್‌ಗೂ ಬರಲಿಲ್ಲ. ಪಾವ್ ಗಸಾಲ್ ಬಂದ ಮೇಲೆಯೇ ಮತ್ತೆ ಫೈನಲ್ಸ್ ಕಂಡಿದ್ದು.

ಡಂಕನ್ ಜೊತೆಗಾರರು ಎಷ್ಟು ಸಲ ಬದಲಾದರು! ರಾಬಿನ್ಸನ್ ಹೋದ, ಪಾರ್ಕರ್, ಜಿನೋಬಿಲಿ ಬೆಳೆದರು, ಆಮೇಲೆ ಕವೈ ಲೆನಾರ್ಡ್ ಬಂದ. ಆಟದ ವೇಗ ಬದಲಾಯಿತು, ನಿಯಮ ಬದಲಾಯಿತು, ಮೂರಂಕದ ಶಾಟ್ ಜಾಸ್ತಿ ಆಯಿತು. ಹತ್ತೊಂಬತ್ತು ವರ್ಷದಲ್ಲಿ ಸ್ಪರ್ಸ್ ಒಂದು ಸಲವೂ ಪ್ಲೇಆಫ್ ತಪ್ಪಿಸಿಕೊಳ್ಳಲಿಲ್ಲ. 1999ರಲ್ಲಿ ಮಾಲೀಕರು ಮತ್ತು ಆಟಗಾರರ ಒಪ್ಪಂದದ ಜಗಳದಿಂದಾದ ಲಾಕೌಟ್‌ನಿಂದ ಬರೀ 50 ಪಂದ್ಯ ನಡೆದವು, ಆ ವರ್ಷವೊಂದು ಬಿಟ್ಟು ಪ್ರತಿ ಸೀಸನ್ 50 ಅಥವಾ ಅದಕ್ಕಿಂತ ಹೆಚ್ಚು ಗೆಲುವು. ಸಂಬಳದ ವಿಷಯದಲ್ಲೂ ಹಾಗೇ. 2012ರಲ್ಲಿ ತನ್ನ ಸಂಬಳವನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಂಡು ಒಪ್ಪಂದಕ್ಕೆ ಸಹಿ ಹಾಕಿದ. ತಂಡ ಒಡೆಯದೆ ಉಳಿದದ್ದಕ್ಕೆ ಅದೂ ಒಂದು ಕಾರಣ.

ಕೊರತೆ ಇರಲಿಲ್ಲವೇ? ಇತ್ತು. ಫ್ರೀ ಥ್ರೋ. 2005ರ ಫೈನಲ್ಸ್ ಐದನೇ ಪಂದ್ಯದ ಕೊನೆಯ ಕ್ವಾರ್ಟರಿನಲ್ಲಿ ಏಳರಲ್ಲಿ ಒಂದೇ ಬಿದ್ದಿದ್ದು. ಆ ದಿನ ಅವನನ್ನು ಉಳಿಸಿದ್ದು ಜೊತೆಗಾರ ರಾಬರ್ಟ್ ಹೋರಿ. ಕೈ ಕಟ್ಟಿಹಾಕುವಂಥ ಹೊತ್ತಿನಲ್ಲಿ ಒಬ್ಬನೇ ಶಾಟ್ ಸೃಷ್ಟಿಸುವ ವಿಷಯಕ್ಕೆ ಬಂದರೆ ಕೋಬಿಯೇ ಮೇಲು. ಒಪ್ಪುತ್ತೇನೆ.

ಡಂಕನ್ ಮೂಲದಲ್ಲಿ ಈಜುಗಾರ ಅಂತ ಎಷ್ಟು ಜನಕ್ಕೆ ಗೊತ್ತು? ಹುಟ್ಟಿದ್ದು ಕೆರಿಬಿಯನ್‌ನ ಸೇಂಟ್ ಕ್ರಾಯ್ ದ್ವೀಪದಲ್ಲಿ. ಅಕ್ಕ 1988ರ ಒಲಿಂಪಿಕ್ಸ್‌ನಲ್ಲಿ ಈಜಿದ್ದಳು, ಇವನಿಗೂ ಅದೇ ಕನಸು. 1989ರ ಹ್ಯೂಗೊ ಚಂಡಮಾರುತ ದ್ವೀಪದ ದೊಡ್ಡ ಈಜುಕೊಳವನ್ನು ಹಾಳುಮಾಡಿತು. ಸಮುದ್ರದಲ್ಲಿ ಅಭ್ಯಾಸ ಮಾಡಲು ಅವನಿಗೆ ಶಾರ್ಕ್ ಭಯ. ಮರುವರ್ಷ ಅವನ ಹದಿನಾಲ್ಕನೇ ಹುಟ್ಟುಹಬ್ಬದ ಹಿಂದಿನ ದಿನ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಓದು ಮುಗಿಸುತ್ತೇನೆ ಅಂತ ತಾಯಿಗೆ ಮಾತು ಕೊಟ್ಟಿದ್ದ. ನಡುವೆಯೇ ಬಿಟ್ಟು ಬಂದಿದ್ದರೆ ಕೋಟಿಗಟ್ಟಲೆ ದುಡ್ಡು ಕಾಯುತ್ತಿತ್ತು. ನಾಲ್ಕು ವರ್ಷ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಕೂತು ಮನಃಶಾಸ್ತ್ರದಲ್ಲಿ ಪದವಿ ಪಡೆದೇ ಎನ್‌ಬಿಎಗೆ ಬಂದ.

ಡಂಕನ್‌ಗೆ ಭಾವನೆಯೇ ಇಲ್ಲ ಅನ್ನುವವರು 2013ರ ಫೈನಲ್ಸ್ ಏಳನೇ ಪಂದ್ಯ ನೋಡಲಿ. ಒಂದು ನಿಮಿಷಕ್ಕಿಂತ ಕಡಿಮೆ ಬಾಕಿ, ಮಯಾಮಿ ಎರಡು ಅಂಕ ಮುಂದೆ. ರಿಂಗಿನ ಹತ್ತಿರ ಹಾಕಿದ ಚೆಂಡು ಬೀಳಲಿಲ್ಲ, ತಟ್ಟಿದ್ದೂ ಬೀಳಲಿಲ್ಲ. ಹಿಂದೆ ಓಡಿ ಬಂದು ಎರಡೂ ಕೈಯಿಂದ ನೆಲ ಬಡಿದ. 37 ವರ್ಷದವನು. ಮುಂದಿನ ವರ್ಷ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿದರು. ಅವತ್ತೂ ಜೂನ್ 15. ನೆಟ್ಸ್‌ನ ಸೋಲಿಸಿ ಸರಿಯಾಗಿ ಹನ್ನೊಂದು ವರ್ಷ.

ಬರುವ ಭಾನುವಾರ ಆ ಹುಡುಗನಿಗೆ 2003ರ ಆ ಕೊನೆಯ ಕ್ವಾರ್ಟರ್ ಫೋನಿನಲ್ಲಿ ತೋರಿಸುತ್ತೇನೆ. ಆಮೇಲೆ ಎಡಗಡೆ ನಿಲ್ಲಿಸಿ ಬ್ಯಾಂಕ್ ಶಾಟ್ ಹೇಳಿಕೊಡಬೇಕು. ನಮ್ಮ ಬೋರ್ಡಿನ ಮೇಲಿನ ಚೌಕ ಅಳಿಸಿಹೋಗಿದೆ. ಶನಿವಾರವೇ ಒಂದು ಡಬ್ಬಿ ಪೇಂಟ್ ತಂದಿಟ್ಟುಕೊಳ್ಳಬೇಕು.