ಮುನ್ನೂರರ ಮಿತಿ ಮತ್ತು ಕುದುರೆಮುಖದ ಹುಲ್ಲು

ಕಳೆದ ಅಕ್ಟೋಬರ್‌ನಲ್ಲಿ ನಾನು, ನನ್ನ ಪತಿ ಮತ್ತು ಕಾಲೇಜು ದಿನಗಳಿಂದ ನಮ್ಮೊಂದಿಗಿರುವ ಇನ್ನೊಂದು ದಂಪತಿ, ನಾಲ್ವರೂ ಒಂದೇ ಕಾರಿನಲ್ಲಿ ಬೆಂಗಳೂರಿನಿಂದ ಕುದುರೆಮುಖಕ್ಕೆ ಹೋಗಿಬಂದೆವು. ಎರಡು ಸಲ ಪ್ರಯತ್ನಿಸಿದರೂ ಶನಿವಾರ, ಭಾನುವಾರದ ಚಾರಣದ ಟಿಕೆಟ್ ಸಿಗಲಿಲ್ಲ. ಕೊನೆಗೆ ನಾಲ್ವರೂ ಕಚೇರಿಗೆ ರಜೆ ಹಾಕಿ ಬುಧವಾರ ಬೆಟ್ಟ ಹತ್ತಬೇಕಾಯಿತು. ಹಾಸನ ದಾಟುವವರೆಗೂ ಕಾರಿನಲ್ಲಿ ಇದೇ ಚರ್ಚೆ. ನಮ್ಮದೇ ರಾಜ್ಯದ ಬೆಟ್ಟ ಹತ್ತಲು ರೈಲು ಟಿಕೆಟ್‌ಗೆ ಕಾದಂತೆ ಕಾಯಬೇಕೇ ಎಂಬುದು ಗೆಳತಿಯ ಗಂಡನ ಪ್ರಶ್ನೆ. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿನ್ನುವಾಗಲೂ ಆತ ಅದನ್ನು ಬಿಡಲಿಲ್ಲ. ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ದಿನಕ್ಕೆ ಇಷ್ಟೇ ಜನ ಎಂಬ ಈ ಮಿತಿ ಏಕೆ ಬಂತು ಎಂಬುದನ್ನು ಮೊದಲು ನೆನಪಿಸಿಕೊಳ್ಳಬೇಕು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದ ಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಜಾತ್ರೆಯಲ್ಲಿ ತೇರಿನ ಹಿಂದೆ ಸಾಗುವಂತೆ ಜನ ಕಾಡಿನೊಳಗೆ ಸಾಗುತ್ತಿದ್ದರು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು, ನಂತರ ಒಂದು ಚಾರಣಪಥಕ್ಕೆ ದಿನಕ್ಕೆ ಗರಿಷ್ಠ 300 ಜನ ಎಂಬ ಮಿತಿಯನ್ನು ತಂದಿತು. ಎರಡು ಸಲ ಟಿಕೆಟ್ ತಪ್ಪಿಸಿಕೊಂಡವಳಾಗಿಯೂ ಈ ಮಿತಿ ಸರಿಯೆಂದೇ ನಾನು ನಂಬುತ್ತೇನೆ. ಅದಕ್ಕೆ ಕಾರಣ ಬೆಟ್ಟದ ಮೇಲೆ ಕಣ್ಣಾರೆ ಕಂಡದ್ದು.

ಬಾಳೆಗಲ್‌ನಿಂದ ಚಾರಣ ಶುರುವಾಗುವ ಮುಳ್ಳೋಡಿ ಎಂಬ ಊರಿಗೆ ಜೀಪು ಬಿಟ್ಟರೆ ಬೇರೆ ಗಾಡಿ ಹತ್ತುವುದು ಕಷ್ಟ. ಮುಳ್ಳೋಡಿಯಿಂದ ತುದಿಗೆ ಹೋಗಿಬರುವುದೆಂದರೆ ಸುಮಾರು 20 ಕಿಲೋಮೀಟರ್ ನಡಿಗೆ. ನಮ್ಮ ಗೈಡ್ ಅದೇ ಊರಿನ ಹುಡುಗ, ಮಾತು ಕಡಿಮೆ. ಒಂಟಿಮರ ಎಂದು ಕರೆಯುವ ಜಾಗ ದಾಟಿ ಬಯಲು ಹುಲ್ಲುಗುಡ್ಡದ ಏರು ಶುರುವಾಗುವಲ್ಲಿ ಅವನು ನಿಂತ. ಎದುರಿನ ಇಳಿಜಾರಿನಲ್ಲಿ ಒಂದರ ಪಕ್ಕ ಒಂದರಂತೆ ಮೂರು ಕಾಲುದಾರಿಗಳು ಕೆಂಪಗೆ ಕಾಣುತ್ತಿದ್ದವು. "ಅಕ್ಕ, ಮೊದಲು ಇಲ್ಲಿ ಇದ್ದದ್ದು ಒಂದೇ ದಾರಿ. ಕೆಸರಾಯಿತು ಅಂತ ಜನ ಪಕ್ಕದ ಹುಲ್ಲಿನ ಮೇಲೆ ನಡೆದರು, ಅದೂ ಕೆಸರಾಯಿತು, ಆಮೇಲೆ ಅದರ ಪಕ್ಕ" ಎಂದ. ನಡುವಿನ ದಾರಿಯಲ್ಲಿ ತನ್ನ ಕೋಲನ್ನು ನೆಟ್ಟಗೆ ಇಳಿಸಿದ. ಹುಲ್ಲಿನ ಮಟ್ಟದಿಂದ ನೆಲ ಅವನ ಮೊಣಕಾಲಿನಷ್ಟು ಕೆಳಗಿತ್ತು. ಅಂಚಿನಲ್ಲಿ ಹುಲ್ಲಿನ ಬೇರುಗಳು ಕೂದಲಿನಂತೆ ಗಾಳಿಗೆ ಜೋತಾಡುತ್ತಿದ್ದವು, ಅವುಗಳ ಕೆಳಗಿನ ಮಣ್ಣು ಆಗಲೇ ತೊಳೆದುಹೋಗಿತ್ತು.

ಇಲ್ಲಿನ ಹುಲ್ಲುಗಾವಲೂ ಕಣಿವೆಗಳಲ್ಲಿ ಅಡಗಿರುವ ಶೋಲಾ ಕಾಡೂ ಸೇರಿ ಮಳೆನೀರನ್ನು ಹೀರಿಕೊಂಡು, ಬೇಸಿಗೆಯವರೆಗೂ ತೊಟ್ಟುತೊಟ್ಟಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ನೂರಾರು ಬೂಟುಗಳು ತುಳಿದ ಮಣ್ಣು ಹೆಂಟೆಯಂತೆ ಗಟ್ಟಿಯಾಗುತ್ತದೆ, ನೀರು ಒಳಗಿಳಿಯುವುದಿಲ್ಲ, ಕಾಲುದಾರಿಯೇ ಕಾಲುವೆಯಾಗಿ ಮೇಲ್ಮಣ್ಣನ್ನು ಹೊತ್ತುಕೊಂಡು ಇಳಿಯುತ್ತದೆ. ಮೇಲ್ಮಣ್ಣು ಹೋದಲ್ಲಿ ಹುಲ್ಲು ಅಷ್ಟು ಸುಲಭವಾಗಿ ಮತ್ತೆ ಹಿಡಿಯುವುದಿಲ್ಲ. ನಾವು ಪ್ಲಾಸ್ಟಿಕ್ ಬಾಟಲಿ ಎಸೆಯದಿದ್ದರೆ ಸಾಕು, ಕಾಡಿಗೆ ಏನೂ ಆಗುವುದಿಲ್ಲ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಅತ್ಯಂತ ಶಿಸ್ತಿನ ಚಾರಣಿಗನಿಗೂ ಎರಡು ಪಾದಗಳಿವೆ ಎಂಬುದು ಆ ಕೋಲು ಇಳಿದಾಗ ನನಗೆ ಅರ್ಥವಾಯಿತು.

ತುದಿಯಲ್ಲಿ ಮಂಜು ಸರಿದು ಪಶ್ಚಿಮದ ಕಣಿವೆ ತೆರೆದುಕೊಂಡ ಆ ಅರ್ಧ ಗಂಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೋದವರಿಗೆ ಅದು ಗೊತ್ತು. ಆದರೆ ಇಳಿಯುವಾಗ ಶೋಲಾದ ಒಳಗೆ, ಒಂದು ತೊರೆಯ ಪಕ್ಕದಲ್ಲಿ, ಸಿಳ್ಳಾರ ಹಕ್ಕಿಯ ಕೂಗು ಕೇಳಿ ನಾವು ನಾಲ್ವರೂ ಹತ್ತು ನಿಮಿಷ ಮಾತಿಲ್ಲದೆ ಕುಳಿತದ್ದನ್ನು ಹೇಳಲೇಬೇಕು. ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ ನಾನೂ ನನ್ನ ಗಂಡನೂ ಫೋನಿಲ್ಲದೆ, ಮಾತಿಲ್ಲದೆ, ಅಕ್ಕಪಕ್ಕದಲ್ಲಿ ಅಷ್ಟು ಹೊತ್ತು ಕುಳಿತ ನೆನಪಿಲ್ಲ. ಭಾನುವಾರದ ಗದ್ದಲದಲ್ಲಿ ಆ ಕೂಗು ನಮಗೆ ಕೇಳಿಸುತ್ತಿರಲಿಲ್ಲ.

ಮರುದಿನ ಕಳಸದಿಂದ ಕುದುರೆಮುಖ ಪಟ್ಟಣದ ಕಡೆ ಹೋದಾಗ ನನ್ನ ಸ್ನೇಹಿತ, ಅಂದರೆ ಅದೇ ಗೆಳತಿಯ ಗಂಡ, ತನ್ನ ಗಟ್ಟಿಯಾದ ವಾದವನ್ನು ಮುಂದಿಟ್ಟ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೂ ಇಲ್ಲಿ ಕಬ್ಬಿಣದ ಅದಿರು ತೆಗೆಯುವುದು ನಡೆದೇ ಇತ್ತು, ಸುಪ್ರೀಂ ಕೋರ್ಟಿನ ಆದೇಶದಿಂದ ಅದು ನಿಂತದ್ದು 2005ರ ಕೊನೆಯಲ್ಲಿ. ಬೆಟ್ಟವನ್ನೇ ಬಗೆಯಲು ಬಿಟ್ಟ ವ್ಯವಸ್ಥೆಗೆ ಮುನ್ನೂರ ಒಂದನೆಯ ಚಾರಣಿಗ ಭಾರವಾದನೇ ಎಂದು ಆತ ಕೇಳಿದ. ಖಾಲಿ ಬಿದ್ದ ಗಣಿ ಸಿಬ್ಬಂದಿಯ ಮನೆಗಳ ಸಾಲನ್ನು ನೋಡುತ್ತಾ ಕೇಳಿದ ಪ್ರಶ್ನೆ ಅದು, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ: ಗಾಯಗೊಂಡು ಚೇತರಿಸಿಕೊಳ್ಳುತ್ತಿರುವ ಬೆಟ್ಟವಾದ್ದರಿಂದಲೇ ನಮ್ಮ ಲೆಕ್ಕ ಬಿಗಿಯಾಗಿರಬೇಕು. ಗಣಿಗಾರಿಕೆ ನಿಲ್ಲಲೆಂದು ಮಲೆನಾಡಿನ ಜನ ವರ್ಷಗಟ್ಟಲೆ ಹೋರಾಡಿದ್ದು ನಮ್ಮ ವಾರಾಂತ್ಯಗಳಿಗೆ ಜಾಗ ಮಾಡಿಕೊಡಲೆಂದಲ್ಲ.

ಮಿತಿಯಿಂದ ಊರಿನವರ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ, ಅದನ್ನು ಅಲ್ಲಗಳೆಯಲಾರೆ. ಆದರೆ ನಾವು ಉಳಿದಿದ್ದ ಮನೆಯ ಅಮ್ಮ ಬೆಳಿಗ್ಗೆ ಕಡುಬು ಬಡಿಸುತ್ತಾ ಹೇಳಿದ್ದು ಬೇರೆಯೇ. ಶನಿವಾರ ಬಂತೆಂದರೆ ಒಲೆ ಆರುವುದಿಲ್ಲ, ಕೈಗೆ ಬಿಡುವಿಲ್ಲ, ಸೋಮವಾರದಿಂದ ಗುರುವಾರದವರೆಗೆ ಮಾಡಿಟ್ಟ ಹಾಸಿಗೆಯಲ್ಲಿ ಮಲಗುವವರಿಲ್ಲ. "ಟಿಕೆಟ್ ಸಿಗದೆ ನಿಮ್ಮ ಹಾಗೆ ನಡುವಾರದಲ್ಲಿ ನಾಲ್ಕು ಜನ ಬಂದರೆ ನಮಗೂ ಒಳ್ಳೆಯದೇ ಮಗಾ" ಎಂದರು. ರಜೆ ಹೊಂದಿಸಿಕೊಳ್ಳುವ ಅನುಕೂಲ ಇರುವವರು, ಅದು ಎಲ್ಲರಿಗೂ ಇಲ್ಲ ಎಂಬುದನ್ನು ಬಲ್ಲೆ, ವಾರದ ನಡುವೆ ಹೋದರೆ ಆ ಮನೆಗೂ ಆದಾಯ, ಶನಿವಾರವಷ್ಟೇ ಬಿಡುವಿರುವವರಿಗೂ ಒಂದು ಜಾಗ.

ನನ್ನ ಸ್ನೇಹಿತ ಒಂದು ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ, ಅಲ್ಲಿ ನಾನೂ ಅವನ ಜೊತೆಗಿದ್ದೇನೆ. ಜನರನ್ನು ಎಣಿಸಿ ಹಣ ಪಡೆದ ಮೇಲೆ ದಾರಿಯ ಜವಾಬ್ದಾರಿಯನ್ನೂ ಹೊರಬೇಕು. ಇಳಿಜಾರಿಗೆ ಅಡ್ಡಲಾಗಿ ಕಲ್ಲು ಜೋಡಿಸಿ ನೀರನ್ನು ಪಕ್ಕಕ್ಕೆ ತಿರುಗಿಸುವುದು ದೊಡ್ಡ ವಿದ್ಯೆಯಲ್ಲ, ಕಾಫಿ ತೋಟದಲ್ಲಿ ದುಡಿದ ಕೈಗಳಿಗೆ ಅದು ದಿನನಿತ್ಯದ ಕೆಲಸ. ಟಿಕೆಟ್ ಹಣದಲ್ಲಿ ಒಂದು ಪಾಲನ್ನು ಆ ಕೈಗಳಿಗೇ ಕೂಲಿಯಾಗಿ ಕೊಟ್ಟು, ಮುಂದಿನ ಮಳೆಗಾಲಕ್ಕೆ ಮೊದಲೇ ಒಂಟಿಮರದ ಮೇಲಿನ ಆ ಮೂರು ದಾರಿಗಳಲ್ಲಿ ಎರಡನ್ನಾದರೂ ಮುಚ್ಚಿ ಹುಲ್ಲಿಗೆ ಬಿಟ್ಟುಕೊಡಬೇಕು.